ಒಡ್ಡಿನ ಹೊಟ್ಟೆಯ ಎತ್ತುಗಳು

ನಮ್ಮ ಮನೆಯ ಅಂಗಳದಲ್ಲಿ ನಿಂತು ನೋಡಿದರೆ ಮಾವನವರು ಆಕಾಶದಲ್ಲಿ ನಡೆಯುತ್ತಿದ್ದರು. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಮುಖ ತೊಳೆಯಲು ಹೊರಗೆ ಬಂದವಳು ಮೊದಲು ಕಂಡದ್ದು ಅದನ್ನೇ. ಮನೆಯ ಹಿಂದೆ ಅರ್ಧ ಆಕಾಶವನ್ನು ಮುಚ್ಚಿಕೊಂಡು ಮಲಗಿದ ಉದ್ದನೆಯ ಹಸಿರು ದಿನ್ನೆ. ಅದರ ನೆತ್ತಿಯ ಮೇಲೆ ಒಂದು ಧೋತರ, ಒಂದು ಕೋಲು, ಹೆಗಲ ಮೇಲೊಂದು ಟವೆಲು. ಸುತ್ತ ಮೋಡ ಬಿಟ್ಟರೆ ಬೇರೇನೂ ಇಲ್ಲ. ಆ ದಿನ್ನೆ ಒಂದು ಕೆರೆಯ ಒಡ್ಡು, ಆ ಕೆರೆಯ ನೀರು ನಮ್ಮ ಮಾಳಿಗೆಗಿಂತ ಎತ್ತರದಲ್ಲಿದೆ ಎಂಬುದು ನನಗೆ ತಿಳಿದದ್ದು ಮಧ್ಯಾಹ್ನದ ಹೊತ್ತಿಗೆ. ತಿಳಿದ ಮೇಲೆ ಆ ದಿನ ಎರಡು ತುತ್ತು ಕಡಿಮೆ ಉಂಡೆ.

ಇದು ತೊಂಬತ್ತರ ದಶಕದ ಮಾತು. ನೇಸರಗಿಯಲ್ಲಿ ಬಸ್ಸಿಳಿದು ಜೋಳದ ಹೊಲಗಳ ನಡುವೆ ಒಂದು ತಾಸು ನಡೆದರೆ ನಮ್ಮ ಊರು. ನನ್ನ ತವರು ರಾಮದುರ್ಗದ ಕಡೆ. ಅಲ್ಲಿ ಕೆಂಪು ಗುಡ್ಡ, ಕಲ್ಲು, ಬಿಸಿಲು. ನೀರು ಎಂದರೆ ಬಾವಿಯ ತಳದಲ್ಲಿ ಬಗ್ಗಿ ನೋಡುವ ವಸ್ತು. ತಲೆಯ ಮೇಲೆ ನೀರಿಟ್ಟುಕೊಂಡು ಮಲಗುವ ಜನರನ್ನು ನಾನು ನೋಡಿರಲಿಲ್ಲ. ಬಂದ ಹೊಸದರಲ್ಲಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಮೇಲೆ ಆ ನೀರು ಮೆಲ್ಲಗೆ ಮಗ್ಗುಲು ಬದಲಿಸಿದಂತೆ ಅನಿಸುತ್ತಿತ್ತು.

ಮಾವನವರು ಆ ಕೆರೆಯ ಸೌಡಿ. ಸೌಡಿ ಎಂದರೆ ತೂಬಿನ ಬಾಗಿಲನ್ನು ಎತ್ತಿ ಇಳಿಸಿ ಹೊಲಗಳಿಗೆ ಪಾಳಿಯ ಪ್ರಕಾರ ನೀರು ಬಿಡುವವರು, ಒಡ್ಡನ್ನು ಕಾಯುವವರು. ಒಡ್ಡು ಕಟ್ಟುವಾಗ ಮೀಸೆ ಮೂಡುತ್ತಿದ್ದ ವಯಸ್ಸಿನಲ್ಲಿ ಅಲ್ಲಿ ಬುಟ್ಟಿ ಹೊತ್ತವರು ಅವರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಕಣ್ಣು ಮಾತ್ರ ಸದಾ ನೀರಿನ ಕಡೆ. ಅಲೆ ಬಡಿದು ಕಲ್ಲು ಜಾರಿದೆಯೇ, ಏಡಿ ಬಿಲ ಕೊರೆದಿದೆಯೇ, ಎಲ್ಲಿ ಎಷ್ಟು ಪಾಚಿ, ಎಲ್ಲವೂ ಬಾಯಿಪಾಠ. ಈಚೆಯ ಇಳಿಜಾರಿಗೆ, ಅಂದರೆ ನಮ್ಮ ಮನೆಯ ಬದಿಗೆ, ಅವರು ಇಳಿಯುತ್ತಿರಲಿಲ್ಲ; ಒಡ್ಡಿನ ತುದಿಯ ದಾರಿಯಲ್ಲೇ ಹತ್ತಿ ಇಳಿಯುತ್ತಿದ್ದರು. ಮೊಣಕಾಲು ನೋವು ಒಂದು ಕಾರಣ. ಇನ್ನೊಂದು ಕಾರಣ ಅವರೇ ಹೇಳುತ್ತಿದ್ದರು.

"ವೈರಿ ಆಚಿ ಕಡೆ ಅದಾನವಾ. ಈಚಿ ಕಡೆ ಏನೈತಿ? ಮನಿ ಮಂದಿನs ಅಲ್ಲೇನು?"

ಮನೆ ಮಂದಿಯೇ! ಆ ಮಾತು ನೆನೆದರೆ ಈಗಲೂ ನನಗೆ ನಗು ಬರುತ್ತದೆ.

ಮೊದಲ ಮುಂಗಾರು. ಮಣ್ಣೆತ್ತಿನ ಅಮಾವಾಸ್ಯೆಗೆ ಎರಡು ದಿನ ಇತ್ತು. ಆ ಅಮಾವಾಸ್ಯೆಯ ದಿನ ನಮ್ಮ ಕಡೆ ಮನೆಮನೆಯಲ್ಲೂ ಮಣ್ಣಿನ ಎತ್ತು ಮಾಡಿ, ಜಗುಲಿಯ ಮೇಲೆ ಕೂಡಿಸಿ, ಹೋಳಿಗೆ ಎಡೆ ಹಿಡಿದು ಪೂಜಿಸುತ್ತಾರೆ. ಮಧ್ಯಾಹ್ನ ಮಾವನವರು ಉಂಡು ಅಡ್ಡಾದರು. ಅವರ ಗೊರಕೆ ಹದಕ್ಕೆ ಬರುವವರೆಗೆ ಅತ್ತೆ ಬಾಗಿಲ ಬಳಿ ಕುಂತು ಅಕ್ಕಿಯ ಕಲ್ಲು ಆರಿಸಿದರು. ಆಮೇಲೆ ಬುಟ್ಟಿ ಎತ್ತಿಕೊಂಡು ನನಗೆ ಕಣ್ಣು ಸನ್ನೆ ಮಾಡಿದರು.

"ಬಾ. ಕುಳ್ಳು ಆರಿಸಾಕ ಹೊಂಟೇವಿ ಅನ್ನು, ಯಾರರ ಕೇಳಿದ್ರ."

ಒಣ ಬೆರಣಿಯಿರಲಿ, ಸೆಗಣಿಯ ವಾಸನೆಯೂ ಇರದ ಜಾಗಕ್ಕೆ ಕರೆದುಕೊಂಡು ಹೋದರು. ತೂಬಿನ ನೀರು ಹೊರಬೀಳುವ ಕಾಲುವೆಯ ಪಕ್ಕ, ಜಾಲಿ ಕಂಟಿಯ ಮರೆಯಲ್ಲಿ, ಒಡ್ಡಿನ ಇಳಿಜಾರು ಹಿಂದೆ ಯಾವುದೋ ಮಳೆಗೆ ಕೊರೆದು ಬಾಯಿ ಬಿಟ್ಟಿತ್ತು. ಮೇಲೆ ಒಂದು ಮೊಳ ಗರಸು, ಒರಟು ಕೆಂಪು ಹರಳುಮಣ್ಣು. ಅದರ ಒಳಗೆ ಕಪ್ಪಗೆ, ತಣ್ಣಗೆ, ಬೆಣ್ಣೆಯಂಥ ಜೇಡಿ. ಅತ್ತೆ ಸೆರಗು ಸಿಕ್ಕಿಸಿ ಎರಡೂ ಕೈ ಒಳಗೆ ಹಾಕಿ ಬಾಚಿದರು. ಮಣ್ಣಿನಲ್ಲಿ ಬೆರಳಿನ ಗುರುತು ಹಾಗೇ ಉಳಿಯಿತು. ಅವರ ಬಲಗೈಯ ಕಿರುಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗಾಗಿತ್ತು. ಹಾಗಾಗಿ ಮೂರು ನೆಟ್ಟನೆಯ ಗೆರೆ, ಒಂದು ಡೊಂಕು ಗೆರೆ.

ಒಂದು ಹಿಡಿ ನನ್ನ ಅಂಗೈಗೆ ಹಾಕಿದರು. ಹರಳಿಲ್ಲ, ಬೇರಿಲ್ಲ, ಜಿಗುಟು ಎಂದರೆ ಜಿಗುಟು. ನನ್ನ ತವರಿನ ಮಣ್ಣಿನಲ್ಲಿ ಎತ್ತಿನ ಬಾಲವೂ ನಿಲ್ಲುವುದಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಸಂಜೆ ಅತ್ತೆ ಎತ್ತು ಮಾಡಲು ಕುಂತರು. ಅವರ ಕೈಯಲ್ಲಿ ಮಣ್ಣು ತಾನಾಗಿಯೇ ಎತ್ತಾಗುತ್ತಿತ್ತು. ಮೊದಲು ಇಣಿ, ಬೆನ್ನಿನ ಡುಬ್ಬ, ಏಳುತ್ತಿತ್ತು, ಆಮೇಲೆ ಕೊರಳ ಜೋಲು, ಆಮೇಲೆ ಕೋಡು. ಕಣ್ಣಿಗೆ ಗುಲಗಂಜಿ, ಕೊರಳ ಗೆಜ್ಜೆಗೆ ಜೋಳದ ಕಾಳು. ಮುಂದೆ ಮೇವು ಹಾಕುವ ಒಂದು ಪುಟ್ಟ ಗ್ವಾದಲಿ, ಅದರಲ್ಲಿ ನಾಲ್ಕು ಎಳೆ ಹುಲ್ಲು. ಓಣಿಯ ಮನೆಗಳಿಗೆಲ್ಲ ಅವರೇ ಜೋಡಿ ಮಾಡಿ ಕೊಡುತ್ತಿದ್ದರು. ಬೇರೆಯವರು ಮಾಡಿದ ಎತ್ತು ಮೂರೇ ದಿನಕ್ಕೆ ಸೀಳುತ್ತಿತ್ತು. ಅತ್ತೆಯದು ಮುಂದಿನ ಅಮಾವಾಸ್ಯೆಯವರೆಗೂ ಮಾಡದಲ್ಲಿ, ಗೋಡೆಯ ಗೂಡಿನಲ್ಲಿ, ನಿಂತಿರುತ್ತಿತ್ತು.

ಮಾವನವರು ಒಂದು ಎತ್ತನ್ನು ಎತ್ತಿ ದೀಪದ ಬೆಳಕಿಗೆ ಹಿಡಿದು ಹೊರಳಿಸಿ ನೋಡಿದರು.

"ಭಾಳ ಚಂದ ಮಣ್ಣು ಬಿಡು. ಎಲ್ಲೀದು ಇದು?"

ಅತ್ತೆ ತಲೆ ಎತ್ತದೆ, "ಸೊಸಿ ತಂದಾಳ. ರಾಮದುರ್ಗದ ಕಡೇದು" ಎಂದುಬಿಟ್ಟರು.

ಎಲಾ ಇವರ! ನನ್ನ ಬಾಯಿ ತೆರೆದೇ ಇತ್ತು. ಮಾವನವರು ನನ್ನನ್ನು ನೋಡಿ, "ನಿಮ್ಮ ಊರಾಗ ಇಷ್ಟ ಚಲೋ ಮಣ್ಣ ಐತೇನವಾ?" ಎಂದು ಕೇಳಿದರು. ನಾನು "ಹೂನ್ರಿ" ಎಂದೆ. ಕಣ್ಣಿಗೆ ಮಣ್ಣೆರಚುವುದು ಎಂದು ಜನ ಸುಮ್ಮನೆ ಆಡುತ್ತಾರೆ. ನಮ್ಮ ಮನೆಯಲ್ಲಿ ಅದು ಬುಟ್ಟಿ ಲೆಕ್ಕದಲ್ಲಿ ನಡೆಯುತ್ತಿತ್ತು.

ಒಂದು ದಿನ ಮಾವನವರೇ ನನ್ನನ್ನು ಒಡ್ಡಿನ ಮೇಲೆ ಕೂಡಿಸಿಕೊಂಡು ಅದರ ಕತೆ ಹೇಳಿದರು. ಸಂಜೆ ಬಿಸಿಲು ನೀರಿನ ಮೇಲೆ ಬಿದ್ದು ಅವರ ಮುಖದ ಮೇಲೆ ಅಲುಗಾಡುತ್ತಿತ್ತು.

"ಹೊರಗ ಗರಸು ಐತಲಾ, ಅದು ಅಂಗಿ ಇದ್ದಂಗ. ಒಳಗ ಹೊಟ್ಟಿ ಐತಿ, ಜೇಡೀದು. ನೀರ ತಡೆಯೂದು ಹೊಟ್ಟಿ, ಅಂಗಿ ಅಲ್ಲ. ಆ ಜೇಡಿ ಜರಡಿ ಹಿಡದು, ನೀರ ಹೊಡದು, ಗಂಡಮಕ್ಕಳು ಹೆಣ್ಣಮಕ್ಕಳು ಕೂಡಿ ತುಳದೇವಿ. ಒಂದ ಗೇಣ ಹಾಕೂದು, ತುಳಿಯೂದು. ಮತ್ತೊಂದ ಗೇಣ ಹಾಕೂದು, ತುಳಿಯೂದು. ಹಿಂಗ ಬೆಳದೈತಿ ಇದು. ಹಿಂದಿನ ಮಗ್ಗಲಿಗೆ ನೀರ ಜಿನುಗಿದ್ರ ಹೆದರಬ್ಯಾಡ, ತಿಳಿ ಇರೂತನಕ. ಬಗ್ಗಡ ಬಂತಂದ್ರ ಮಾತ್ರ ತಿಳಕೋ, ಹೊಟ್ಟಿನs ಕರಗಾಕ ಹತ್ತೇತಿ."

ಮನೆಗೆ ಬಂದವಳೇ ಅತ್ತೆಯನ್ನು ಹಿತ್ತಲಿಗೆ ಕರೆದು ಹೇಳಿದೆ. ಅವರು ನಕ್ಕರು.

"ಅದರ ಹೊಟ್ಟಿ ಎಷ್ಟ ದೊಡ್ಡದೈತಿ ನೋಡೀಯಿಲ್ಲೊ? ವರ್ಷಕ್ಕ ಒಂದ ಬುಟ್ಟಿ ತಗೊಂಡ್ರ ಸೊರಗತೈತೇನು? ಅದೂ ಬಸವಣ್ಣಗ ಅಂತ ತಗೊಳ್ಳೂದು. ನಿಮ್ಮ ಮಾವ ಕಾಯತಾರ, ಬಸವಣ್ಣನೂ ಕಾಯತಾನ. ಸುಮ್ಮಕುಂದ್ರ."

ನಾನು ಸುಮ್ಮನೆ ಕುಂತೆ. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ. ನನಗೆ ಎರಡು ಮಕ್ಕಳಾದವು, ಅವು ಶಾಲೆಗೆ ಹೋದವು; ಮನೆಗೆ ಟಿ.ವಿ. ಬಂತು, ಗಂಡ ಟ್ರ್ಯಾಕ್ಟರ್ ಕೊಂಡು ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊಡೆಯತೊಡಗಿದರು. ವರ್ಷಕ್ಕೊಂದು ಬುಟ್ಟಿ ಎರಡಾಯಿತು, ನಾಲ್ಕಾಯಿತು. ಜಾಗದ ಗುಟ್ಟು ಓಣಿಯ ಹೆಂಗಸರಿಗೆಲ್ಲ ಹಬ್ಬಿತು, ಗಂಡಸರೊಬ್ಬರಿಗೂ ಗೊತ್ತಾಗಲಿಲ್ಲ. ಕೈ ಹಿಡಿಯುವಷ್ಟಿದ್ದ ತಗ್ಗು ಒಬ್ಬರು ಕೂರುವಷ್ಟಾಯಿತು.

ನಾನು ಅದರಲ್ಲಿ ಕೂತಿದ್ದೇನೆ. ಬೇಸಿಗೆಯ ಮಧ್ಯಾಹ್ನ ಬಟ್ಟೆ ಒಗೆದು ಕಂಟಿಯ ಮೇಲೆ ಒಣಹಾಕಿ, ಆ ತಗ್ಗಿನೊಳಗೆ ಹೊಕ್ಕು ಬೆನ್ನು ಆನಿಸಿದರೆ ತಣ್ಣಗೆ ನಿದ್ದೆ ಬರುತ್ತಿತ್ತು. ಕಿವಿ ಗೋಡೆಗೆ ಹಚ್ಚಿದರೆ ಆಚೆ ಯಾರೋ ಉಸಿರಾಡಿದ ಸದ್ದು. ನೀರೋ, ನನ್ನದೇ ರಕ್ತವೋ ಯಾರಿಗೆ ಗೊತ್ತು. ಅಂಥ ನಿದ್ದೆಯಲ್ಲಿ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ಊರಿನ ಮಾಡಗಳಲ್ಲಿದ್ದ ಮಣ್ಣಿನ ಎತ್ತುಗಳೆಲ್ಲ ಕೆಳಗಿಳಿದು, ಗೆಜ್ಜೆ ಸಪ್ಪಳ ಮಾಡದೆ ಸಾಲಾಗಿ ಓಣಿ ದಾಟಿ, ಒಡ್ಡಿನ ಕಡೆ ಬರುತ್ತಿದ್ದವು. ನೀರು ಕುಡಿಯಲು ಬಂದಿವೆ ಎಂದುಕೊಳ್ಳುತ್ತಿದ್ದೆ. ಅವು ಮೇಲೆ ಹತ್ತುತ್ತಿರಲಿಲ್ಲ. ನನ್ನ ಮುಂದೆ ಬಂದು ನಿಂತು, ಗುಲಗಂಜಿ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದವು. ನಾನು ಅವುಗಳ ಜಾಗದಲ್ಲಿ ಕುಂತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮೂರು ವರ್ಷ ಮಳೆ ಕೈಕೊಟ್ಟಿತು. ಕೆರೆಯ ತಳ ಬಿರಿಯಿತು. ಮಾವನವರು ಆಗಲೂ ದಿನಕ್ಕೆ ಎರಡು ಸಲ ಒಡ್ಡಿನ ಮೇಲೆ ನಡೆದು, ಇಲ್ಲದ ನೀರನ್ನು ನೋಡಿ ಬರುತ್ತಿದ್ದರು. ಊರ ಹೆಂಗಸರು ತಮಗೆ ತೋಚಿದ್ದನ್ನು ಮಾಡಿದರು. ಬಸವಣ್ಣ ಒಲಿಯಲಿ, ಮಳೆ ಬರಲಿ ಎಂದು ಮನೆಗೆ ಒಂದು ಜೋಡಿಯ ಬದಲು ಐದು ಜೋಡಿ ಎತ್ತು ಮಾಡಿದರು. ಎಲ್ಲ ಮಣ್ಣೂ ಅದೇ ತಗ್ಗಿನದು. ನೀರು ಬರಲಿ ಎಂದು ನೀರು ನಿಲ್ಲಿಸುವ ಮಣ್ಣನ್ನೇ ತೆಗೆದೆವು. ನಾವು ಎಂದರೆ ನಾವೇ, ನಾನೂ ಬುಟ್ಟಿ ಹೊತ್ತಿದ್ದೇನೆ.

ನಾಲ್ಕನೆಯ ವರ್ಷ ಮಳೆ ಬಂತು. ಬಂತು ಎಂದರೆ, ಬಿಡಲೇ ಇಲ್ಲ. ಆಷಾಢ ಮುಗಿಯುವುದರೊಳಗೆ ಕೆರೆ ತುಂಬಿ ಕೋಡಿ ಹರಿಯಿತು. ಮಾವನವರು ಕೊಡೆ ಹಿಡಿದು ಆಕಾಶದಲ್ಲಿ ನಡೆದರು. ಅಂಗಳದಿಂದ ನೋಡಿದರೆ ಕೊಡೆಯೇ ನಡೆಯುವ ಹಾಗೆ. ಆ ವಯಸ್ಸಿನಲ್ಲಿ ಮೇಲಿನಿಂದ ಕೂಗಿ, "ತುಂಬೇತಿ! ಗಂಗವ್ವ ತುಂಬ್ಯಾಳ, ಬಂದ ನೋಡ್ರಿ!" ಎಂದು ನಮ್ಮನ್ನೆಲ್ಲ ಕರೆದರು. ಅತ್ತೆ ಹೋಗಿ ನೀರಿಗೆ ಅರಿಶಿನ ಕುಂಕುಮ ಹಾಕಿ ಬಂದರು. ಇಬ್ಬರೂ ಹೊಸ ಮದುಮಕ್ಕಳಂತೆ ನಗುತ್ತ ಇಳಿದು ಬಂದದ್ದು ನನಗೆ ನೆನಪಿದೆ.

ನಾಗರ ಪಂಚಮಿಯ ಮರುದಿನ ಬೆಳಿಗ್ಗೆ ಬಟ್ಟೆ ಒಗೆಯಲು ಹೋದೆ. ತಗ್ಗಿನ ತಳದಲ್ಲಿ ಬೆರಳ ಗಾತ್ರದ ನೀರು ಹೊರಡುತ್ತಿತ್ತು. ತಿಳಿ ನೀರು, ಅದು ನಿಂತ ಕಡೆ ನನ್ನ ಮುಖ ಕಂಡಿತು. ತಿಳಿ ಇರುವ ತನಕ ಹೆದರಬೇಡ ಎಂದಿದ್ದರಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಬಟ್ಟೆ ಹಿಂಡಿ, ಒಣಹಾಕಿ, ತಿರುಗಿ ನೋಡಿದರೆ ಮುಖ ಕಾಣಲಿಲ್ಲ. ನೀರು ಬೂದಿ ಬಣ್ಣಕ್ಕೆ ತಿರುಗಿತ್ತು.

ಓಡಿಹೋಗಿ ಅತ್ತೆಯನ್ನು ಕರೆತಂದೆ. ಅವರು ನೋಡಿದವರೇ, "ಯಪ್ಪಾ ಶಿವನ!" ಎಂದರು. ಮರುಕ್ಷಣ ಬದಿಯ ಮಣ್ಣನ್ನೇ ಬಾಚಿ ಆ ತೂತಿಗೆ ತುಂಬಿದರು. ನೀರು ಪಕ್ಕದಲ್ಲಿ ಬಂತು. ಅಲ್ಲಿ ತುಂಬಿದರೆ ಇನ್ನೊಂದು ಪಕ್ಕದಲ್ಲಿ ಬಂತು, ಮೊದಲಿಗಿಂತ ದಪ್ಪವಾಗಿ. ಕೊನೆಗೆ ನನ್ನ ಒದ್ದೆ ಸೀರೆಯನ್ನೇ ತುರುಕಿದರು. ಅದು ಒಂದು ನಿಮಿಷ ನಿಂತು ಹೊರಗೆ ಬಂದು ಬಿತ್ತು.

"ಅವರಿಗೆ ಹೇಳಬ್ಯಾಡವಾ," ಎಂದು ನನ್ನ ಕೈ ಹಿಡಿದರು. ಅವರ ಕೈ ಮಣ್ಣು, ನನ್ನ ಕೈ ಸೋಪು. "ಅವರ ಜೀವ ಐತಿ ಈ ಒಡ್ಡಿನ್ಯಾಗ. ನಾ ಮಾಡೇನಿ ಅಂತ ಗೊತ್ತಾದ್ರ ನನ್ನ ಮಾರಿ ಸೈತ ನೋಡಂಗಿಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಅಂದು ಮಾತ್ರ ಸಿಟ್ಟಿನ ಜೊತೆ ಅಳುವೂ ಬಂತು. ಕೆಳಗೆ ನಮ್ಮ ಅಂಗಳದಲ್ಲಿ ಮಕ್ಕಳು ಪಂಚಮಿಯ ಜೋಕಾಲಿ ಆಡುತ್ತಿದ್ದರು.

"ಮಾರಿ ನೋಡಾಕ ಮಂದಿ ಉಳೀಬೇಕಲ್ರಿ ಅತ್ತೀ!" ಎಂದು ಕೈ ಕಿತ್ತುಕೊಂಡು ಒಡ್ಡು ಹತ್ತಿದೆ.

ಮಾವನವರಿಗೆ ಇಷ್ಟೇ ಹೇಳಿದೆ: "ಮಾವಾರ, ತೂಬಿನ ಮಗ್ಗಲಕ ತಗ್ಗ ಐತ್ರಿ. ಬಗ್ಗಡ ಬರಾಕ ಹತ್ತೇತ್ರಿ." ಯಾರು ಅಗೆದರು ಎನ್ನಲಿಲ್ಲ. ಅವರು ಕೋಲು ಬಿಸಾಕಿ, ಇಳಿಜಾರಿನಲ್ಲಿ ಕುಂತುಕೊಂಡೇ ಜಾರುತ್ತ ಇಳಿದರು. ಆ ಮೊಣಕಾಲಿನಲ್ಲಿ ಅವರು ಆ ಬದಿಗೆ ಇಳಿದದ್ದು ನಾನು ಕಂಡ ಹಾಗೆ ಅದೇ ಮೊದಲು. ಅತ್ತೆ ಕಂಟಿಯ ಆಚೆ ಸರಿದು ನಿಂತಿದ್ದರು.

ಮಾವನವರು ಮೊದಲು ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದರು. ಆಮೇಲೆ ತಗ್ಗಿನೊಳಗೆ ತಲೆ ಹಾಕಿದರು. ಮೇಲ್ಗಡೆ, ನೀರು ಮುಟ್ಟದ ಕಡೆ, ಹಳೆಯ ಬೆರಳಿನ ಗುರುತುಗಳು ಒಣಗಿ ಗಟ್ಟಿಯಾಗಿ ಉಳಿದಿದ್ದವು. ಮೂರು ನೆಟ್ಟನೆಯ ಗೆರೆ, ಒಂದು ಡೊಂಕು ಗೆರೆ. ಮಾವನವರು ತಮ್ಮ ಬೆರಳುಗಳನ್ನು ಆ ಗೆರೆಗಳಲ್ಲಿ ಇಟ್ಟರು. ನಾಲ್ಕನೆಯ ಬೆರಳು ಕೂಡಲಿಲ್ಲ. ಅವರು ತಿರುಗಿ ಅತ್ತೆಯನ್ನು ನೋಡಿದರು. ಬೈಯಲಿಲ್ಲ. ಆ ಹೊತ್ತು ಬೈದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ನನ್ನ ಗಂಡ ಮೋಟರ್‌ಸೈಕಲ್ ಹತ್ತಿ ಬೈಲಹೊಂಗಲಕ್ಕೆ, ಕೆರೆ ನೋಡಿಕೊಳ್ಳುವ ಇಲಾಖೆಯ ಸಾಹೇಬರನ್ನು ಕರೆತರಲು ಓಡಿದರು. ಒಡ್ಡಿನ ಕೆಳಗಿನ ಮನೆಗಳವರೆಲ್ಲ ಮಕ್ಕಳು, ದನ ಕಟ್ಟಿಕೊಂಡು ಗುಡಿಯ ದಿಬ್ಬಕ್ಕೆ ಹೋದರು. ಮಾವನವರು ತೂಬಿನ ಚಕ್ರಕ್ಕೆ ಕೈ ಹಚ್ಚಿದರು. ಊರವರು ಸುತ್ತುವರಿದರು.

"ಮೂರ ವರ್ಷ ಬಾಯಿ ಬಿಟಗೊಂಡ ಕುಂತೇವಿ, ಈಗ ನೀರ ಬಿಡತೀಯೇನು? ತಲಿ ಕೆಟ್ಟೇತಿ ನಿನಗ!"

"ಒಡ್ಡ ಉಳದ್ರ ಮುಂದಿನ ವರ್ಷ ನೀರ ಬರತಾವ," ಎಂದರು ಮಾವನವರು. "ಅತ್ತಾಗ ಸರೀರಿ."

ಬಾಗಿಲು ಪೂರ್ತಿ ಎತ್ತಿದರು. ನೀರು ಕಾಲುವೆಯಲ್ಲಿ ಕಂಬಳಿ ಹಾಸಿದ ಹಾಗೆ ಹೊರಟಿತು. ಮೂರು ವರ್ಷ ಕಾದು, ತುಂಬಿದ್ದನ್ನು ತಾವೇ ಬರಿದು ಮಾಡುತ್ತ ಅವರು ಚಕ್ರ ಹಿಡಿದು ನಿಂತೇ ಇದ್ದರು. ಕಣ್ಣೊರೆಸಿಕೊಳ್ಳಲಿಲ್ಲ. ಮಳೆ ಹನಿಯುತ್ತಿತ್ತು, ಒರೆಸಿಕೊಂಡರೂ ಅಷ್ಟೇ ಇತ್ತು.

ಮಧ್ಯಾಹ್ನ ಜೀಪು ಬಂತು. ಸಾಹೇಬರು ಇನ್ನೂ ಚಿಕ್ಕ ವಯಸ್ಸಿನವರು, ಪ್ಯಾಂಟು ಮಡಚಿ ಕೆಸರಿಗೆ ಇಳಿದರು. ಜೇಡಿ ತುಂಬಿದ ಬುಟ್ಟಿ ಹಿಡಿದು ನಿಂತಿದ್ದ ಅತ್ತೆಯನ್ನು ತಡೆದರು.

"ಮುಚ್ಚಬ್ಯಾಡ್ರಿ ತಾಯಿ. ಮುಚ್ಚಿದ್ರ ಅದು ಬ್ಯಾರೆ ಹಾದಿ ಹುಡಕತೈತಿ. ನೀರ ಹೋಗಲಿ, ಮಣ್ಣ ಹೋಗಬಾರದು. ಮೊದಲ ಉಸುಕ ಹಾಕ್ರಿ, ಮ್ಯಾಲ ಸಣ್ಣ ಖಡಿ, ಅದರ ಮ್ಯಾಲ ದೊಡ್ಡ ಕಲ್ಲ."

ಊರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಉಸುಕಿನ ಬುಟ್ಟಿ ದಾಟಿಸಿತು. ಕೆರೆ ಇಳಿದಂತೆ ತಗ್ಗಿನ ನೀರೂ ಸಣ್ಣಗಾಯಿತು. ದೀಪ ಹಚ್ಚುವ ಹೊತ್ತಿಗೆ ಕಲ್ಲುಗಳ ಸಂದಿಯಿಂದ ಬರುವ ನೀರು ತಿಳಿಯಾಗಿತ್ತು. ಸಾಹೇಬರು ಉಸಿರು ಬಿಟ್ಟು, ಎಲ್ಲರ ಮುಂದೆ ಕೇಳಿದರು: "ಯಾರ ಅಗದಾರ ಇದನ್ನ?"

ಹೆಂಗಸರೆಲ್ಲ ನೆಲ ನೋಡಿದರು. ಅತ್ತೆಯ ತುಟಿ ಅಲುಗಿತು. ಅಷ್ಟರಲ್ಲಿ ಮಾವನವರು ಮುಂದೆ ಬಂದರು.

"ನಾನs ರೀ ಸಾಹೇಬ್ರ. ಮನಿ ಗ್ವಾಡಿಗೆ ಮಣ್ಣ ಬೇಕಾಗಿತ್ತು."

"ಸೌಡಿ ಆಗಿ ನೀವs ಒಡ್ಡ ಅಗದ್ರ್ಯಾ? ನಾಚಿಕಿ ಬರೂದಿಲ್ಲೇನು?"

"ಬರತೈತ್ರಿ," ಎಂದರು ಮಾವನವರು. ಇಡೀ ಊರಿನ ಮುಂದೆ ಕೈಕಟ್ಟಿ ನಿಂತು ಬೈಸಿಕೊಂಡರು. ನನಗೆ ಓಡಿಹೋಗಿ ಆ ಸಾಹೇಬರ ಬಾಯಿ ಮುಚ್ಚಬೇಕು ಎನಿಸಿತು. ಅವರದೇನೂ ತಪ್ಪಿಲ್ಲ ಎಂದು ಗೊತ್ತಿದ್ದೂ.

ಆ ರಾತ್ರಿ ಊಟಕ್ಕೆ ಕುಂತಾಗ ಅತ್ತೆ ರೊಟ್ಟಿ ಬಡಿಸಲು ಬಗ್ಗಿದರು. ಮಾವನವರು ತಾಟು ನನ್ನ ಕಡೆ ಸರಿಸಿದರು.

"ನಿಮ್ಮ ಅತ್ತಿಗೆ ಹೇಳವಾ. ಆ ತಗ್ಗ ತುಂಬೂತನಕ ನಾ ಅಕಿ ಕೂಡ ಮಾತಾಡಂಗಿಲ್ಲ."

ಅತ್ತೆ ಮೂರು ಅಡಿ ದೂರದಲ್ಲಿದ್ದರು. ಸಾಹೇಬರು ಹೋಗುವ ಮುಂಚೆ ಹೇಳಿದ್ದು ಎಲ್ಲರಿಗೂ ನೆನಪಿತ್ತು: ತಗ್ಗನ್ನು ಸರಿಯಾಗಿ ತುಂಬುವುದು ಬೇಸಿಗೆಯಲ್ಲಿ ನೀರು ತಳ ಮುಟ್ಟಿದ ಮೇಲೆಯೇ. ಬೇಸಿಗೆಗೆ ಇನ್ನೂ ಒಂಬತ್ತು ತಿಂಗಳಿತ್ತು.

ಆ ಒಂಬತ್ತು ತಿಂಗಳು ನಾನು ಆ ಮನೆಯ ಅಂಚೆಯವಳಾದೆ. "ಸಾರಿಗೆ ಉಪ್ಪ ಕಮ್ಮಿ ಆಗೇತಿ ಅಂತ ಹೇಳವಾ." "ಡಬ್ಬಿ ಮುಂದನs ಐತಿ, ಹಾಕ್ಕೊಳ್ಳಾಕ ಹೇಳ." "ನೇಸರಗಿ ಸಂತಿಯಿಂದ ಏನ ತರಬೇಕಂತ ಕೇಳ." "ಏನೂ ಬ್ಯಾಡಂತ ಹೇಳ." ಇಬ್ಬರ ಕಿವಿಗಳೂ ಚೆನ್ನಾಗಿದ್ದವು, ಕೆಟ್ಟದ್ದು ನನ್ನ ತಲೆ. ಗಂಡನಿಗೆ ಹೇಳಿದರೆ, "ಅವರಿಬ್ಬರ ನಡುವ ನಾ ಬರಂಗಿಲ್ಲ ಮಾರಾಯ್ತಿ" ಎಂದು ಟ್ರ್ಯಾಕ್ಟರ್ ಹತ್ತಿದರು. ಒಂದು ವಾರ ಸಿಟ್ಟಿನಿಂದಲೇ ತವರಿಗೆ ಹೋದೆ. ತಿರುಗಿ ಬಂದಾಗ ಪಕ್ಕದ ಮನೆಯಾಕೆ ನಗುತ್ತ ಹೇಳಿದಳು: ಮಾವನವರು ಕೊಟ್ಟಿಗೆಯಲ್ಲಿ ನಿಂತು ಎತ್ತಿಗೆ, "ರೊಟ್ಟಿ ಆಗ್ಯಾವೇನು ಕೇಳಪಾ" ಎನ್ನುತ್ತಿದ್ದರಂತೆ. ಅತ್ತೆ ಒಲೆಯ ಮುಂದಿನಿಂದಲೇ ಎತ್ತಿಗೆ, "ಆಗ್ಯಾವಂತ ಹೇಳಪಾ" ಎನ್ನುತ್ತಿದ್ದರಂತೆ.

ನಗುವ ಮಾತೇ. ಆದರೆ ಅತ್ತೆ ಒಣಗುತ್ತಿದ್ದರು. ಹಿಡಿದ ಕೆಲಸ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಒಲೆಯ ಮುಂದೆ ಕುಂತವರು, "ನಂದs ತಪ್ಪಾತಂತ ಹೇಳವಾ ಅವರಿಗೆ" ಎಂದರು. ಹೋಗಿ ಹೇಳಿದೆ. ಮಾವನವರು, "ನನಗ್ಯಾಕ? ಒಡ್ಡಿಗೆ ಹೇಳಂತ ಹೇಳ" ಎಂದರು. ಅತ್ತೆ ಆಗಿಂದಾಗಲೇ ಸೆರಗು ಹೊದ್ದು ಒಡ್ಡು ಹತ್ತಿದರು. ಅಂಗಳದಿಂದ ನೋಡಿದೆ. ಸಂಜೆಯ ಕೆಂಪಿನಲ್ಲಿ ಆಕಾಶದಂಚಿಗೆ ಒಂದು ಸಣ್ಣ ಹೆಂಗಸು ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿತ್ತು. ಮಾವನವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆದರೂ ಮಾತಾಡಲಿಲ್ಲ. ಅಂಥ ಹಟ!

ಬೇಸಿಗೆ ಬಂತು, ನೀರು ತಳ ಮುಟ್ಟಿತು, ಸಾಹೇಬರೂ ಬಂದರು. ಹಳೆಯ ಕಲ್ಲು ಉಸುಕು ತೆಗೆಸಿ, ತಗ್ಗನ್ನು ಇನ್ನೂ ಅಗಲ ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಸಿದರು. ಕೆರೆಯ ತಳದ ಜೇಡಿಯನ್ನು ಜರಡಿ ಹಿಡಿದು, ಹದವಾಗಿ ನೀರು ಚಿಮುಕಿಸಿ, ಗೇಣು ಗೇಣು ಹಾಕಿ ತುಳಿದೆವು. ಮಾವನವರು ಮೇಲೆ ನಿಂತು ಹಿಮ್ಮಡಿ ಒತ್ತಿ ನೋಡಿ, "ಇನ್ನೂ ಮೆತ್ತಗೈತಿ" ಎಂದರೆ ಮತ್ತೆ ತುಳಿಯುತ್ತಿದ್ದೆವು.

ಅರ್ಧ ತುಂಬಿತ್ತು. ಅತ್ತೆ ಎರಡು ದಿನ ಮನೆಮನೆ ತಿರುಗಿ ಮಾಡಗಳಲ್ಲಿ ಉಳಿದಿದ್ದ ಎತ್ತುಗಳನ್ನೆಲ್ಲ ಕೇಳಿ ತಂದರು. "ಇಲ್ಲೀದು ಇಲ್ಲೇ ಸೇರಲಿ," ಎಂದು ಮಾತ್ರ ಹೇಳುತ್ತಿದ್ದರು. ತಂದು ಆ ತಗ್ಗಿನಲ್ಲಿ ಸಾಲಾಗಿ ನಿಲ್ಲಿಸಿದರು, ಎಲ್ಲವುಗಳ ಮುಖ ನೀರಿನ ಕಡೆ. ಮೇಲೆ ನೀರು ಚಿಮುಕಿಸಿ, ಒದ್ದೆ ಗೋಣಿತಟ್ಟು ಹೊದಿಸಿದರು. ಬೆಳಿಗ್ಗೆ ತಟ್ಟು ತೆಗೆದಾಗ ಎತ್ತುಗಳು ನೆನೆದು ಮೆತ್ತಗಾಗಿ, ಮಂಡಿ ಊರಿ ಕುಂತಿದ್ದವು. ನನ್ನ ಕನಸಿನ ಎತ್ತುಗಳು ಬರಬೇಕಾದಲ್ಲಿಗೆ ಬಂದಿದ್ದವು. ನನ್ನ ಕೈಗಳು ತಾವೇ ಜೋಡಿಸಿಕೊಂಡವು.

ಸಾಹೇಬರು, "ಹೂಂ, ತುಳೀರಿ" ಎಂದರು.

ಯಾರೂ ಕಾಲು ಎತ್ತಲಿಲ್ಲ. ಸಾಹೇಬರಿಗೆ ಅರ್ಥವಾಗಲಿಲ್ಲ. "ಹಂಗs ಬಿಟ್ರ ಒಳಗ ಪೊಳ್ಳ ಉಳೀತೈತಿ. ತುಳೀರಿ ಅಂದ್ರ!"

"ಬಸವಣ್ಣರೀ ಸಾಹೇಬ್ರ," ಎಂದಳು ಪಕ್ಕದ ಮನೆಯಾಕೆ. "ಪೂಜಿ ಮಾಡಿದ ದೇವರನ್ನ ತುಳೀಬೇಕೇನ್ರಿ?"

ಹೊತ್ತು ಏರುತ್ತಿತ್ತು, ಮಣ್ಣಿನ ಹದ ಆರುತ್ತಿತ್ತು. ಸಾಹೇಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ತಾನೇ ತಂದಿಟ್ಟದ್ದು ತಾನೇ ಅಡ್ಡವಾಗಿ, ಆ ತಗ್ಗು ತುಂಬದೇ ಉಳಿದುಬಿಟ್ಟರೆ? ನಾನು ಮಾವನವರನ್ನು ಹುಡುಕಿದೆ. ಅವರು ಅಲ್ಲಿರಲಿಲ್ಲ.

ಗೆಜ್ಜೆಯ ಸಪ್ಪಳ ಕೇಳಿತು. ಮನೆಯ ಕಡೆಯಿಂದ ಮಾವನವರು ನಮ್ಮ ಬಿಳಿ ಎತ್ತಿನ ಜೋಡಿಯನ್ನು ಹಿಡಿದು ಬರುತ್ತಿದ್ದರು. ಎತ್ತುಗಳ ಕಾಲು ತೊಳೆದಿದ್ದರು, ಹಣೆಗೆ ವಿಭೂತಿ ಹಚ್ಚಿದ್ದರು. ಬಸವಣ್ಣನ ಮೇಲೆ ಬಸವಣ್ಣ ನಡೆದರೆ ಯಾರ ಪಾಪ? ಎಲ್ಲರಿಗೂ ಒಟ್ಟಿಗೆ ಅರ್ಥವಾಗಿ, ಹೆಂಗಸರ ಗುಂಪಿನಿಂದ ಒಂದು ನಿಟ್ಟುಸಿರು ಎದ್ದಿತು. ಜನ ದಾರಿ ಬಿಟ್ಟರು.

ಅತ್ತೆ ಮಾತ್ರ ತಗ್ಗಿನ ನಡುವೆ ಇನ್ನೂ ಬಗ್ಗಿಯೇ ಇದ್ದರು. ಸೆರಗಿನೊಳಗಿಂದ ಕೊನೆಯ ಜೋಡಿಯನ್ನು ತೆಗೆದು ಇಡುತ್ತಿದ್ದರು. ನಮ್ಮ ಮನೆಯ ಮಾಡದ ಜೋಡಿ, ಅವರು ಮಾಡಿದವುಗಳಲ್ಲೆಲ್ಲ ಚಂದದ್ದು. ರಾಮದುರ್ಗದ ಮಣ್ಣೆಂದು ನಾನು ಸುಳ್ಳು ಹೇಳಿದ್ದು ಅಂಥದ್ದೇ ಒಂದು ಜೋಡಿಗೆ. ಇಟ್ಟು, ಬೆರಳಿನಿಂದ ಅದರ ಬೆನ್ನು ಸವರುತ್ತ ಹಾಗೇ ಇದ್ದುಬಿಟ್ಟರು. ಎತ್ತುಗಳು ಅಂಚಿಗೆ ಬಂದು ನಿಂತವು. ಮಾವನವರು ಹಗ್ಗ ಜಗ್ಗಿ ಹಿಡಿದರು, ಅಭ್ಯಾಸದಂತೆ ನನ್ನ ಕಡೆ ನೋಡಿದರು. ನಾನು ಬೇಕಂತಲೇ ಮುಖ ತಿರುಗಿಸಿ ಕೆರೆ ನೋಡಿದೆ. ಸಾಕಾಗಿತ್ತು ನನಗೆ.

ಮಾವನವರು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

"ಸರಿ ಅತ್ತಾಗ," ಎಂದರು ಮಾವನವರು. "ಎತ್ತ ಬರತಾವ. ಕಾಲ ತುಳದಾವು."

ಅತ್ತೆ ಏಳಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಆ ಸೊಟ್ಟ ಕಿರುಬೆರಳು ಮಣ್ಣಿನ ಎತ್ತಿನ ಬೆನ್ನ ಮೇಲೆಯೇ ನಿಂತಿತು.

"ಏನಂದ್ರಿ?" ಎಂದರು. "ಕೇಳಸಲಿಲ್ಲ."

ಇಡೀ ಊರಿಗೆ ಕೇಳಿಸಿತ್ತು. ಮಾವನವರು ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ಹೇಳಿದರು. ಆಗ ಅತ್ತೆ ಎದ್ದು, ಕಣ್ಣಿಗೆ ಸೆರಗು ಹಚ್ಚಿಕೊಂಡು ಬದಿಗೆ ಸರಿದರು. ಎತ್ತುಗಳು ತೊಳೆದ ಕಾಲಿನಿಂದ ಮೆಲ್ಲಗೆ ಒಳಗಿಳಿದವು.

ಆ ಸಂಜೆ ಊಟದ ಹೊತ್ತಿಗೆ ಮನೆಯಲ್ಲಿ ಅಂಚೆಯವಳಿಗೆ ಯಾವ ಕೆಲಸವೂ ಇರಲಿಲ್ಲ.